ಓದು ಮುಗಿಯಲಿ ಎಂದು ಕಾಯಬೇಡಿ

(ಪಿಎಚ್.ಡಿ. ಮಾಡುತ್ತಿರುವ ಕನ್ನಡ ಸಂಶೋಧನಾ ವಿದ್ಯಾರ್ಥಿಗಳ ಕಮ್ಮಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಕೋರ್ಸ್‌ವರ್ಕ್ ಮುಗಿದಿದೆ. ಸಾರಲೇಖಕ್ಕೆ, ಅಂದರೆ ಸಿನಾಪ್ಸಿಸ್‌ಗೆ, ಒಪ್ಪಿಗೆ ಸಿಕ್ಕಿದೆ. ವಿಷಯ ಇದೆ, ಗೈಡ್ ಇದ್ದಾರೆ, ಎರಡು ಮೂರು ವರ್ಷ ಕಳೆದೂ ಆಗಿದೆ. ಬರೆದ ಅಧ್ಯಾಯ ಮಾತ್ರ ಇಲ್ಲ. ಬೆಳಗ್ಗೆ ಪರಿಚಯ ಮಾಡಿಕೊಳ್ಳುವಾಗ ಎಷ್ಟೋ ಜನ "ಇನ್ನೂ ಬರೆಯೋಕೆ ಶುರು ಮಾಡಿಲ್ಲ ಮೇಡಂ" ಎಂದು ತಲೆ ತಗ್ಗಿಸಿ ಹೇಳಿದಿರಿ. ಮೊದಲು ಆ ತಲೆ ತಗ್ಗಿಸುವುದರ ಬಗ್ಗೆಯೇ ಮಾತಾಡಬೇಕು ಅನ್ನಿಸಿತು.

ನಾವು ಸೋಮಾರಿಗಳು ಎಂದು ನಿಮ್ಮಲ್ಲಿ ಬಹಳ ಜನ ನಂಬಿಕೊಂಡಿದ್ದೀರಿ. ಮನೆಯವರೂ ಹಾಗೇ ಅಂದಿರಬಹುದು. ನಾನು ಅದನ್ನು ಒಪ್ಪುವುದಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಬೆಳಗ್ಗೆ ಬಸ್ಸು ಹಿಡಿದು ತಾಲ್ಲೂಕು ಕಾಲೇಜಿಗೆ ಹೋಗುತ್ತೀರಿ, ಪಾಠ ಮಾಡುತ್ತೀರಿ, ಪರೀಕ್ಷೆ ಮುಗಿದರೆ ವ್ಯಾಲ್ಯುಯೇಷನ್‌ಗೆ ಹೋಗುತ್ತೀರಿ. ಸಂಜೆ ಬಂದು ಮಕ್ಕಳ ಹೋಂವರ್ಕ್ ನೋಡುತ್ತೀರಿ. ಸುಗ್ಗಿ ಬಂದರೆ ಊರಿಗೆ ಹೋಗಿ ಹೊಲದಲ್ಲೂ ನಿಲ್ಲುತ್ತೀರಿ. ಸೋಮಾರಿ ಆದವರಿಗೆ ಇದೆಲ್ಲ ಆಗುತ್ತದಾ? ಇಷ್ಟೆಲ್ಲ ಕೆಲಸ ಮಾಡುವವರು ಒಂದೇ ಒಂದು ಕೆಲಸದ ಮುಂದೆ ನಿಂತುಬಿಡುತ್ತಾರೆ ಎಂದರೆ, ಆ ಕೆಲಸಕ್ಕೆ ಕೂತಾಗ ಒಳಗೆ ಏನಾಗುತ್ತದೆ ಅನ್ನುವುದನ್ನು ನೋಡಬೇಕು. ಬೈದು ಪ್ರಯೋಜನವಿಲ್ಲ.

ಫ್ಯೂಷಾ ಸಿರ್ವಾ ಮತ್ತು ತಿಮೊಥಿ ಪಿಚಿಲ್ ಎಂಬ ಇಬ್ಬರು ಮನೋವಿಜ್ಞಾನಿಗಳು 2013ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದರು. ಕೆಲಸವನ್ನು ಮುಂದಕ್ಕೆ ಹಾಕುವವರಿಗೆ ಸಮಯ ಹೊಂದಿಸಲು ಬರುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚಾಗಿ, ಆ ಕೆಲಸ ಎಬ್ಬಿಸುವ ಕಸಿವಿಸಿಯಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳಲು ಅವರು ಹಾಗೆ ಮಾಡುತ್ತಾರೆ ಅನ್ನುವುದು ಇವರ ವಾದ. ನಿಮ್ಮದೇ ಅನುಭವಕ್ಕೆ ಇದನ್ನು ಹೋಲಿಸಿ ನೋಡಿ. ಕಂಪ್ಯೂಟರ್ ತೆರೆಯುತ್ತೀರಿ. ಖಾಲಿ ಪುಟ ಕಾಣುತ್ತದೆ. ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ. "ಇವತ್ತು ಬೇಡ, ಭಾನುವಾರ ಇಡೀ ದಿನ ಕೂರ್ತೀನಿ" ಅಂದುಕೊಂಡ ತಕ್ಷಣ ಮನಸ್ಸು ಹಗುರ ಆಗುತ್ತದೆ. ಹಗುರ ಆಗಿದ್ದು ನಿಜ. ಅದಕ್ಕೇ ಮನಸ್ಸು ಮುಂದಿನ ಸಲವೂ ಅದೇ ದಾರಿ ಹಿಡಿಯುತ್ತದೆ. ಭಾನುವಾರ ಬಂದಾಗ ಆ ಪುಟ ಅಷ್ಟೇ ಖಾಲಿ ಇರುತ್ತದೆ, ಹೆದರಿಕೆ ಮಾತ್ರ ಸ್ವಲ್ಪ ಜಾಸ್ತಿ ಆಗಿರುತ್ತದೆ.

ಈ ಹಗುರಕ್ಕೆ ಆಮೇಲೆ ತೆರಬೇಕಾದ ಬೆಲೆ ದೊಡ್ಡದು. 1997ರಲ್ಲಿ ಡಯಾನ್ ಟೈಸ್, ರಾಯ್ ಬೌಮೈಸ್ಟರ್ ಎಂಬ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಪೂರ್ತಿ ಗಮನಿಸಿದರು. ಮುಂದೂಡುವ ಸ್ವಭಾವದವರು ಸೆಮಿಸ್ಟರಿನ ಶುರುವಿನಲ್ಲಿ ಉಳಿದವರಿಗಿಂತ ನೆಮ್ಮದಿಯಾಗಿದ್ದರು, ಕಾಯಿಲೆಯೂ ಕಡಿಮೆ. ಕೊನೆಗೆ ಬರುವಾಗ ಎಲ್ಲ ತಿರುಗಿಬಿತ್ತು. ಒತ್ತಡ ಜಾಸ್ತಿ, ಕಾಯಿಲೆ ಜಾಸ್ತಿ, ಅಂಕ ಕಡಿಮೆ. ಒಟ್ಟು ಲೆಕ್ಕ ಹಾಕಿದರೆ ಅವರು ಪಟ್ಟ ಕಷ್ಟವೇ ಹೆಚ್ಚು. "ಕೊನೇ ಗಳಿಗೆಯಲ್ಲೇ ನನಗೆ ಚೆನ್ನಾಗಿ ಬರೆಯೋಕೆ ಬರೋದು" ಅನ್ನುವವರು ಈ ಮಾತನ್ನು ಸ್ವಲ್ಪ ಯೋಚಿಸಿ. ಅವರು ನೋಡಿದ್ದು ಒಂದು ಸೆಮಿಸ್ಟರ್. ನಿಮ್ಮದು ಆರು ವರ್ಷದ ಕೆಲಸ.

ಖಾಲಿ ಪುಟಕ್ಕೆ ಯಾಕಿಷ್ಟು ಹೆದರಿಕೆ? ಆ ಪುಟದ ಹಿಂದೆ ಯಾರ್ಯಾರೋ ನಿಂತಿರುತ್ತಾರೆ. ಗೈಡ್ ಇರುತ್ತಾರೆ. ಕೊಲೊಕಿಯಂನಲ್ಲಿ, ಅಂದರೆ ಪ್ರಬಂಧ ಒಪ್ಪಿಸುವ ಮುಂಚಿನ ಚರ್ಚಾಸಭೆಯಲ್ಲಿ, ಎಲ್ಲರ ಮುಂದೆ ಪ್ರಶ್ನೆ ಕೇಳುವ ಹಿರಿಯರು ಇರುತ್ತಾರೆ. ಯಾವುದೋ ಊರಿನಿಂದ ಬರುವ ಹೊರಗಿನ ಪರೀಕ್ಷಕರು ಇರುತ್ತಾರೆ. ಮನೆಯಲ್ಲಿ ಡಿಗ್ರಿವರೆಗೆ ಓದಿದವರಲ್ಲಿ ನೀವೇ ಮೊದಲಿಗರಾಗಿದ್ದರೆ ಇಡೀ ಊರೇ ಅಲ್ಲಿ ನಿಂತಿರುತ್ತದೆ. ಕೆಲವರನ್ನು ಊರಲ್ಲಿ ಈಗಾಗಲೇ "ಡಾಕ್ಟ್ರೇ" ಎಂದು ಕರೆಯಲು ಶುರು ಮಾಡಿರುತ್ತಾರೆ. ಬರೆಯದೆ ಇರುವವರೆಗೆ ನಿಮ್ಮ ಪ್ರಬಂಧ ಎಷ್ಟು ಚೆನ್ನಾಗಿ ಬೇಕಾದರೂ ಇರಬಹುದು. ಒಂದು ಪುಟ ಬರೆದರೆ ಅದು ಇಷ್ಟೇ ಎಂದು ಗೊತ್ತಾಗುತ್ತದೆ. ಆ ಗೊತ್ತಾಗುವುದನ್ನೇ ನಾವು ಮುಂದೂಡುತ್ತಿರುತ್ತೇವೆ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಕೆಲಸದ ಮೇಲೆ ಪ್ರೀತಿ ಇದ್ದವರಿಗೇ ಈ ಭಯ ಬರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಮುಂದೂಡುವುದು ಅಂದರೆ ಮೊಬೈಲ್ ನೋಡುತ್ತಾ ಕೂರುವುದು ಎಂದು ನಾವು ತಿಳಿದಿದ್ದೇವೆ. ಸಂಶೋಧನೆ ಮಾಡುವವರಲ್ಲಿ ಅದು ಬರುವುದು ಬೇರೆ ವೇಷದಲ್ಲಿ. ಓದಿನ ವೇಷದಲ್ಲಿ. "ಇನ್ನೊಂದಿಷ್ಟು ಓದಿ ಮುಗಿಸಿ ಆಮೇಲೆ ಬರೀತೀನಿ." ಈ ಮಾತನ್ನು ಯಾರೂ ತಪ್ಪು ಅನ್ನುವುದಿಲ್ಲ. ಕೇಳಿದವರು ಮೆಚ್ಚಿಕೊಳ್ಳುತ್ತಾರೆ. ಶೋಧಗಂಗಾ ಜಾಲತಾಣದಿಂದ ಇಳಿಸಿಕೊಂಡ ಪ್ರಬಂಧಗಳ ಪಿಡಿಎಫ್ ಲ್ಯಾಪ್‌ಟಾಪ್ ತುಂಬ ಇರುತ್ತವೆ. ಜೆರಾಕ್ಸ್ ಮಾಡಿಸಿದ ಪುಸ್ತಕಗಳ ರಾಶಿ ಮೇಜಿನಿಂದ ನೆಲಕ್ಕೆ ಇಳಿದಿರುತ್ತದೆ. ಇನ್ನು ಕೆಲವರು "ಇನ್ನೊಂದು ಸಲ ಕ್ಷೇತ್ರಕಾರ್ಯಕ್ಕೆ ಹೋಗಿ ಬರ್ತೀನಿ, ಎರಡು ಹೋಬಳಿ ಉಳಿದಿದೆ" ಅನ್ನುತ್ತಾರೆ. ಹೋಗಿಯೂ ಬರುತ್ತಾರೆ. ಬಂದ ಮೇಲೆ ಇನ್ನೆರಡು ಹೋಬಳಿ ನೆನಪಾಗುತ್ತವೆ.

ಓದಬೇಡಿ ಅನ್ನುತ್ತಿಲ್ಲ. ನಾನು ಕೇಳುತ್ತಿರುವುದು ಒಂದೇ: ಈ ಪುಸ್ತಕವನ್ನು ಯಾವ ಪ್ರಶ್ನೆಗೆ ಉತ್ತರ ಹುಡುಕಲು ಓದುತ್ತಿದ್ದೀರಿ? ಅದಕ್ಕೆ ಉತ್ತರ ಇದ್ದರೆ ಆ ಓದು ಕೆಲಸ. "ಎಲ್ಲಾ ಓದಿರಬೇಕಲ್ವಾ ಮೇಡಂ" ಅನ್ನುವುದಾದರೆ ಅದು ಹೆದರಿಕೆ. ಹೊರಗಿನ ಪರೀಕ್ಷಕರು ಕೇಳಬಹುದಾದ ಎಲ್ಲ ಪ್ರಶ್ನೆಗೂ ಮೊದಲೇ ಕೋಟೆ ಕಟ್ಟಿಕೊಳ್ಳುವ ಪ್ರಯತ್ನ ಅದು. ಅಂಥ ಕೋಟೆಯನ್ನು ಯಾರೂ ಕಟ್ಟಿ ಮುಗಿಸಿದ್ದು ನಾನು ನೋಡಿಲ್ಲ.

ನಮ್ಮದೇ ಸಂಶೋಧನೆಯ ಪರಂಪರೆ ನೋಡಿ. ನಿಮ್ಮಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳ ಮೇಲೆ ಕೆಲಸ ಮಾಡುವವರೆಲ್ಲ ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯನ್ನು ಬಳಸಿಯೇ ಇರುತ್ತೀರಿ. ಅದರ ಮೊದಲ ಸಂಪುಟ ಬಂದಿದ್ದು 1907ರಲ್ಲಿ. ಆಗ ಎಷ್ಟು ಓಲೆಗರಿ ಕಟ್ಟುಗಳು ಮಠಗಳಲ್ಲಿ, ಬಸದಿಗಳಲ್ಲಿ, ಮನೆಗಳ ಅಟ್ಟದಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವು ಯೋಚಿಸಿ. ಎಲ್ಲ ಸಿಗಲಿ ಎಂದು ಕಾಯಲು ಅವರಿಗೆ ನಮಗಿಂತ ಒಳ್ಳೆಯ ಕಾರಣವಿತ್ತು. ಅವರು ಕಾಯಲಿಲ್ಲ. ಸಿಕ್ಕಷ್ಟನ್ನು ಜೋಡಿಸಿ ಅಚ್ಚು ಹಾಕಿಸಿದರು. ಎರಡನೆಯ ಸಂಪುಟ 1919ರಲ್ಲಿ ಬಂತು, ಮೂರನೆಯದು 1929ರಲ್ಲಿ. ನಡುವೆ 1924ರಲ್ಲಿ ಮೊದಲ ಸಂಪುಟವನ್ನೇ ತಿದ್ದಿ ಪರಿಷ್ಕರಿಸಿ ಮತ್ತೆ ತಂದರು. ಅದರಲ್ಲಿನ ಎಷ್ಟೋ ಕಾಲನಿರ್ಣಯಗಳನ್ನು ಆಮೇಲಿನ ವಿದ್ವಾಂಸರು ಬದಲಿಸಿದ್ದಾರೆ. ಆದರೆ ಬದಲಿಸಲು ಅವರ ಮುಂದೆ ಬರೆದ ಪುಟ ಇತ್ತಲ್ಲ? ಬರೆದಿದ್ದನ್ನು ತಿದ್ದಬಹುದು. ತಲೆಯಲ್ಲೇ ಇಟ್ಟುಕೊಂಡಿದ್ದನ್ನು ತಿದ್ದಲು ಆ ದೊಡ್ಡ ವಿದ್ವಾಂಸರಿಂದಲೂ ಆಗುತ್ತಿರಲಿಲ್ಲ.

ಬರೆಯಲು ಮನಸ್ಸು ಬರಬೇಕು, ಮೂಡ್ ಬರಬೇಕು ಅನ್ನುವವರಿಗೆ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ಬರೆಯಲಾಗದೆ ಒದ್ದಾಡುತ್ತಿದ್ದ ಅಧ್ಯಾಪಕರನ್ನೇ ತೆಗೆದುಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ತೀರಾ ತುರ್ತಿಲ್ಲದೆ ಏನೂ ಬರೆಯಬೇಡಿ ಎಂದರು. ಎರಡನೆಯ ಗುಂಪಿಗೆ 50 ಬರವಣಿಗೆಯ ಸರದಿಗಳನ್ನು ಗೊತ್ತುಮಾಡಿ, ಮನಸ್ಸು ಬಂದರೆ ಮಾತ್ರ ಬರೆಯಿರಿ ಎಂದರು. ಮೂರನೆಯ ಗುಂಪಿಗೂ ಅಷ್ಟೇ ಸರದಿ, ಆದರೆ ಬರೆಯಲೇಬೇಕು. ತಪ್ಪಿಸಿದರೆ ತಮಗೆ ಕಂಡರಾಗದ ಸಂಸ್ಥೆಗೆ ಹಣ ಹೋಗುತ್ತಿತ್ತು. ಮೂರನೆಯ ಗುಂಪಿನವರು ಎರಡನೆಯವರಿಗಿಂತ ಮೂರೂವರೆ ಪಟ್ಟು ಹೆಚ್ಚು ಬರೆದರು, ಮೊದಲನೆಯವರಿಗಿಂತ 16 ಪಟ್ಟು. ಇದು ಸಣ್ಣ ಪ್ರಯೋಗ, ಆ ಅಂಕಿಗಳನ್ನು ಶಾಸನದ ಹಾಗೆ ಹಿಡಿದುಕೊಳ್ಳಬೇಕಾಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಇನ್ನೊಂದು ಫಲಿತಾಂಶ. ಹೊಸ ಯೋಚನೆಗಳು ಎಷ್ಟು ದಿನಕ್ಕೊಮ್ಮೆ ಬರುತ್ತವೆ ಎಂದೂ ಅವರು ಗುರುತಿಸಿಕೊಳ್ಳುತ್ತಿದ್ದರು. ಬಲವಂತವಾಗಿ ಬರೆದವರಿಗೆ ಹೆಚ್ಚುಕಡಿಮೆ ದಿನಕ್ಕೊಂದು, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೆ ಇದ್ದವರಿಗೆ ಐದು ದಿನಕ್ಕೊಂದು. ಬರೆಯದೆ ಸುಮ್ನೆ ಇದ್ದರೆ ಯೋಚನೆ ಒಳಗೇ ಹಣ್ಣಾಗುತ್ತದೆ ಎಂಬ ನಂಬಿಕೆಗೆ ಇಲ್ಲಿ ಬೆಂಬಲ ಸಿಗಲಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಇದಕ್ಕೆ ನಾನು ಕಂಡ ಒಂದು ಉದಾಹರಣೆಯನ್ನೇ ವಿವರವಾಗಿ ಹೇಳುತ್ತೇನೆ.

ನನ್ನ ಬಳಿ ಸಂಶೋಧನೆ ಮಾಡಿದ ಒಬ್ಬ ವಿದ್ಯಾರ್ಥಿನಿಯ ವಿಷಯ ಬೀಸುವ ಪದಗಳು. ತುಂಬಾ ಚುರುಕಾದ ಹುಡುಗಿ. ಊರೂರು ತಿರುಗಿ ವಯಸ್ಸಾದ ಹೆಣ್ಣುಮಕ್ಕಳ ಮುಂದೆ ಕೂತು ಹಾಡು ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಹಿಂದಿನ ಸಂಗ್ರಹಗಳ ಮುನ್ನುಡಿಗಳನ್ನೆಲ್ಲ ಓದಿದ್ದಳು. ಆದರೆ ಬರವಣಿಗೆ ಹೊರಡುತ್ತಿರಲಿಲ್ಲ. ಕೇಳಿದರೆ, "ಮೊದಲನೇ ಅಧ್ಯಾಯವೇ ಆಗ್ತಿಲ್ಲ ಮೇಡಂ" ಅನ್ನುತ್ತಿದ್ದಳು. ಮೊದಲನೇ ಅಧ್ಯಾಯ ಯಾವುದು ಅಂದರೆ 'ಜಾನಪದ: ವ್ಯಾಖ್ಯೆ ಮತ್ತು ಸ್ವರೂಪ'. ನಿಮ್ಮ ಸಾರಲೇಖಗಳಲ್ಲೂ ಇಂಥದ್ದೊಂದು ಇರುತ್ತದೆ, ಅಲ್ವಾ? ಜಗತ್ತಿನ ವಿದ್ವಾಂಸರೆಲ್ಲ ಜಾನಪದ ಅಂದರೆ ಏನು ಅಂದಿದ್ದಾರೆ ಎಂದು ಬರೆಯಬೇಕಾದ ಅಧ್ಯಾಯ. ಅದು ಬರೆಯುವವರ ಸ್ವಂತ ಮಾತಿಗೆ ಜಾಗವೇ ಇಲ್ಲದ ಅಧ್ಯಾಯ. ಅಲ್ಲಿಂದ ಶುರು ಮಾಡಿದರೆ ಯಾರಿಗಾದರೂ ಕೈ ನಿಲ್ಲುತ್ತದೆ.

ನಾನು ಅವಳಿಗೆ, "ನೋಡಮ್ಮ, ಆ ಅಧ್ಯಾಯ ಸದ್ಯಕ್ಕೆ ಮರೆತುಬಿಡು. ನಿನಗೆ ತುಂಬಾ ಇಷ್ಟವಾದ ಒಂದು ಹಾಡು ತಗೋ. ಅದನ್ನು ಯಾರು ಹಾಡಿದರು, ಎಲ್ಲಿ ಕೂತು ಹಾಡಿದರು, ಅಲ್ಲಿ ಏನೇನಾಯಿತು, ನನಗೆ ಹೇಳುವ ಹಾಗೆ ಬರಿ" ಎಂದೆ. "ಅದು ಥೀಸಿಸ್ ಭಾಷೆ ಆಗಲ್ಲ ಮೇಡಂ" ಎಂದಳು. "ಭಾಷೆ ಆಮೇಲೆ ನೋಡೋಣ" ಎಂದೆ.

ಎರಡು ಪುಟ ಬರೆದು ತಂದಳು. ಒಬ್ಬ ಅಜ್ಜಿ ಎರಡು ದಿನ ಅದೇ ಹಾಡನ್ನು ಹಾಡಿದ್ದರು. ತವರಿನ ಹಾಡು. ಮೊದಲ ದಿನ ಹಾಡದ ಒಂದು ಸಾಲನ್ನು ಎರಡನೆಯ ದಿನ ಸೇರಿಸಿ ಹಾಡಿದರು. ಅತ್ತೆಮನೆಯ ಬಗ್ಗೆ ಖಾರವಾದ ಸಾಲು. "ನಿನ್ನೆ ಇದನ್ನ ಯಾಕೆ ಬಿಟ್ರಿ ಅಜ್ಜಿ" ಎಂದು ಕೇಳಿದ್ದಕ್ಕೆ, "ನಿನ್ನೆ ನನ್ನ ಸೊಸೆ ಇಲ್ಲೇ ಕೂತಿದ್ಳಲ್ಲವ್ವ" ಎಂದರಂತೆ.

ಇಷ್ಟು ದಿನ ರೆಕಾರ್ಡಿಂಗಿನಲ್ಲಿ ಇದ್ದ ಈ ಮಾತನ್ನು ಅವಳು ಗಮನಿಸಿದ್ದು ಬರೆಯುವಾಗ. ಬರೆದ ಮೇಲೆ ಪ್ರಶ್ನೆಗಳು ತಾವಾಗಿ ಎದ್ದವು. ಯಾರ ಮುಂದೆ ಯಾವ ಸಾಲು ಬಿಡುತ್ತಾರೆ? ಸೊಸೆಯಾಗಿ ಕಲಿತ ಹಾಡನ್ನು ಅತ್ತೆಯಾದ ಮೇಲೆ ಹಾಡುವಾಗ ಏನಾಗುತ್ತದೆ? ಹಳೆಯ ಸಂಗ್ರಹಕಾರರು, ಅದರಲ್ಲೂ ಗಂಡಸರು, ಹಾಡು ಬರೆದುಕೊಳ್ಳುವಾಗ ಎದುರಿಗೆ ಯಾರ್ಯಾರು ಕೂತಿದ್ದರು? ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ, ನಸುಕಿನಲ್ಲಿ ಒಬ್ಬರೇ ಅಥವಾ ಇಬ್ಬರೇ ಕೂತು ಹಾಡುತ್ತಿದ್ದ ಹಾಡು ಎಲ್ಲರೂ ಕೂತ ಪಡಸಾಲೆಗೆ ಬಂದರೆ ಹಾಡಿನ ಗತಿ ಏನು? ಈಗ ಅವಳಿಗೆ ಏನು ಓದಬೇಕು ಎಂದು ಗೊತ್ತಾಯಿತು. ಅದೇ ಮುನ್ನುಡಿಗಳನ್ನು ತೆಗೆದು ಮತ್ತೆ ಓದಿದಳು, ಈ ಸಲ ಒಂದು ಪ್ರಶ್ನೆ ಇಟ್ಟುಕೊಂಡು. ಆ ಎರಡು ಪುಟದಿಂದ ಒಂದು ಇಡೀ ಅಧ್ಯಾಯ ಬೆಳೆಯಿತು. ಅದು ಪ್ರಬಂಧದಲ್ಲಿ ನಾಲ್ಕನೆಯ ಅಧ್ಯಾಯವಾಗಿ ಕೂತಿತು. ವ್ಯಾಖ್ಯೆಯ ಅಧ್ಯಾಯವನ್ನು ಎಲ್ಲಕ್ಕಿಂತ ಕೊನೆಗೆ ಬರೆದಳು. ಆಗ ಅದಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ, ಯಾಕೆಂದರೆ ಯಾವ ವ್ಯಾಖ್ಯೆ ತನ್ನ ಕೆಲಸಕ್ಕೆ ಬೇಕು, ಯಾವುದು ಬೇಡ ಎಂದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು.

ಶಾಸನಗಳ ಮೇಲೆ ಕೆಲಸ ಮಾಡುವವರು ಒಂದು ಶಾಸನ ತಗೊಳ್ಳಿ. ಕಾದಂಬರಿ ಮೇಲೆ ಮಾಡುವವರು ಒಂದು ಪ್ರಸಂಗ ತಗೊಳ್ಳಿ. ಭಾಷಾವಿಜ್ಞಾನದವರು ಒಬ್ಬ ವಕ್ತೃವಿನ ಐದು ವಾಕ್ಯ ತಗೊಳ್ಳಿ. ನಿಮ್ಮ ಕೈಯಲ್ಲಿ ಈಗಾಗಲೇ ಇರುವ, ನಿಮಗೆ ಬಿಟ್ಟು ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿಲ್ಲದ ಒಂದು ಚೂರು. ಅದರ ಮುಂದೆ ಹೊರಗಿನ ಪರೀಕ್ಷಕರ ಭಯ ಅಷ್ಟಾಗಿ ಬರುವುದಿಲ್ಲ. ಆ ಅಜ್ಜಿಯ ಮುಂದೆ ಕೂತವಳು ಅವಳೇ, ಪರೀಕ್ಷಕರಲ್ಲ.

ಯಾವಾಗ ಬರೆಯಬೇಕು ಅನ್ನುವುದನ್ನೂ ಗಟ್ಟಿ ಮಾಡಿಕೊಳ್ಳಬೇಕು. "ಈ ವಾರ ಬರೀತೀನಿ" ಅನ್ನುವುದು ಆಸೆ ಮಾತ್ರ. ಪೀಟರ್ ಗೋಲ್ವಿಟ್ಜರ್ ಎಂಬ ಜರ್ಮನ್ ಮನೋವಿಜ್ಞಾನಿ ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. 1997ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕ್ರಿಸ್‌ಮಸ್‌ನ ಹಿಂದಿನ ಸಂಜೆಯನ್ನು ಹೇಗೆ ಕಳೆದೆವು ಎಂದು ಎರಡು ದಿನದೊಳಗೆ ಬರೆದು ಕಳಿಸಬೇಕಿತ್ತು. ಹಬ್ಬದ ದಿನಗಳು, ಮನೆ ತುಂಬ ಜನ. ಎಲ್ಲಿ ಕೂತು, ಯಾವ ಹೊತ್ತಿಗೆ ಬರೆಯುತ್ತೇನೆ ಎಂದು ಮೊದಲೇ ಗುರುತು ಮಾಡಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಸಮಯಕ್ಕೆ ಬರೆದರು. ಹಾಗೆ ಗುರುತು ಮಾಡಿಕೊಳ್ಳದವರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ. ಆಮೇಲೆ 2006ರಲ್ಲಿ ಇಂಥ 94 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇದರ ಪರಿಣಾಮ ಚೆನ್ನಾಗಿಯೇ ಕಂಡಿತು.

ಆದ್ದರಿಂದ ಹೀಗೆ ಹೇಳಿಕೊಳ್ಳಿ: "ಕಾಲೇಜಿಂದ ಬಂದು ಚಹಾ ಕುಡಿದ ಲೋಟ ತೊಳೆದಿಟ್ಟ ಮೇಲೆ, ಒಳಗಿನ ಕೋಣೆಯಲ್ಲಿ ಕೂತು, ಆ ಹಾಡಿನ ಮೂರನೇ ಸಾಲಿನ ಬಗ್ಗೆ ಬರೀತೀನಿ." ಹೊತ್ತು, ಜಾಗ, ಕೆಲಸ, ಮೂರೂ ಅದರಲ್ಲಿದೆ. ಗಡಿಯಾರದ ಹೊತ್ತಿಗಿಂತ ದಿನವೂ ಆಗೇ ಆಗುವ ಒಂದು ಕೆಲಸಕ್ಕೆ ಅದನ್ನು ಕಟ್ಟುವುದು ಒಳ್ಳೆಯದು, ಯಾಕೆಂದರೆ ನಮ್ಮ ಬಸ್ಸುಗಳು ಗಡಿಯಾರ ನೋಡಿ ಬರುವುದಿಲ್ಲ. ಅರ್ಧ ಗಂಟೆ ಸಾಕು. ಮೊಬೈಲ್ ಇನ್ನೊಂದು ಕೋಣೆಯಲ್ಲಿ ಇರಲಿ.

ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಮಾತು. ಅರ್ಧ ಗಂಟೆ ಎಂದು ನಾನು ಸುಲಭವಾಗಿ ಹೇಳಿದೆ. ಆ ಅರ್ಧ ಗಂಟೆಯನ್ನು ಮನೆಯಲ್ಲಿ ಪಡೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಡುಗೆ ಮುಗಿಸಿ, ಎಲ್ಲರೂ ಮಲಗಿದ ಮೇಲೆ, ಕಣ್ಣು ಮುಚ್ಚಿಕೊಂಡು ಹೋಗುವಾಗ ಬರೆಯಲು ಕೂರುತ್ತೀರಿ. ಆಗ ಒಂದು ಸಾಲೂ ಬರದಿದ್ದರೆ ತಪ್ಪು ನಿಮ್ಮದಲ್ಲ. ಮನೆಯವರ ಹತ್ತಿರ ಬಾಯಿಬಿಟ್ಟು ಕೇಳಿ. "ಸಹಕಾರ ಕೊಡಿ" ಅಂದರೆ ಯಾರಿಗೂ ಏನು ಮಾಡಬೇಕು ಎಂದು ತಿಳಿಯುವುದಿಲ್ಲ. "ಸಂಜೆ ಆರರಿಂದ ಆರೂವರೆ ಮಗೂನ ನೀವು ನೋಡ್ಕೊಳ್ಳಿ" ಅಂದರೆ ತಿಳಿಯುತ್ತದೆ.

ನಿಲ್ಲಿಸುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ. ವಾಕ್ಯ ಪೂರ್ತಿ ಮಾಡಬೇಡಿ. ಅರ್ಧಕ್ಕೆ ಬಿಟ್ಟು, ಮುಂದೆ ಏನು ಬರೆಯಬೇಕು ಎಂದು ಪಕ್ಕದಲ್ಲಿ ಒಂದು ಸಾಲು ಗುರುತು ಹಾಕಿ ಏಳಿ. ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅವರ ವಿದ್ಯಾರ್ಥಿನಿ ಮರಿಯಾ ಒವ್ಸಿಯಾಂಕಿನಾ 1928ರಲ್ಲೇ ಒಂದು ಸಂಗತಿ ತೋರಿಸಿಕೊಟ್ಟಿದ್ದರು. ಮಾಡುತ್ತಿದ್ದ ಕೆಲಸವನ್ನು ನಡುವೆ ತಡೆದರೆ, ಬಿಡುವು ಸಿಕ್ಕಾಗ ಜನ ಯಾರೂ ಹೇಳದಿದ್ದರೂ ತಾವಾಗಿಯೇ ಅದಕ್ಕೆ ವಾಪಸ್ ಹೋಗುತ್ತಾರೆ. ಅಚ್ಚುಕಟ್ಟಾಗಿ ಮುಗಿಸಿ ಎದ್ದರೆ ನಾಳೆ ಮತ್ತೆ ಖಾಲಿ ಪುಟ. ಅರ್ಧ ವಾಕ್ಯ ಇದ್ದರೆ ಕೂತ ತಕ್ಷಣ ಮಾಡಲು ಒಂದು ಕೆಲಸ ಇರುತ್ತದೆ.

ಇನ್ನು ಲೆಕ್ಕಾಚಾರ. ನಾವೆಲ್ಲ ನಮ್ಮ ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆ ಅಂದಾಜು ಮಾಡುತ್ತೇವೆ. ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ಆನರ್ಸ್ ವಿದ್ಯಾರ್ಥಿಗಳನ್ನು ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಎಷ್ಟು ದಿನ ಬೇಕು ಎಂದು ಕೇಳಿದರು. ಅದು ಪ್ರಕಟವಾಗಿದ್ದು 1994ರಲ್ಲಿ. ಸರಾಸರಿ 34 ದಿನ ಎಂದರು. ಎಲ್ಲವೂ ಕೆಟ್ಟದಾಗಿ ಹೋದರೆ ಎಷ್ಟು ಎಂದು ಕೇಳಿದ್ದಕ್ಕೆ ಸುಮಾರು 49 ಎಂದರು. ನಿಜವಾಗಿ ಹಿಡಿದಿದ್ದು ಐವತ್ತೈದೂವರೆ ದಿನ. ಅತಿ ಕೆಟ್ಟ ಅಂದಾಜನ್ನೂ ಮೀರಿತು!

ನಿಮ್ಮ ವಿಷಯದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮ ಹೀಗಿದೆ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಹೆಣ್ಣುಮಕ್ಕಳಿಗೆ ಮತ್ತು 40%ಗಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷದ ಅವಕಾಶವಿದೆ. ಈ ಹೆಚ್ಚಿನ ವರ್ಷಗಳನ್ನು ಕಾಯಿಲೆ, ಹೆರಿಗೆ, ಮನೆಯ ಕಷ್ಟಕ್ಕೆಂದು ಇಟ್ಟುಕೊಳ್ಳಿ. ಬರೆಯಲು ಎಂದು ಮೊದಲೇ ಎಣಿಸಿಕೊಳ್ಳಬೇಡಿ.

ನಮ್ಮವರು ಲೆಕ್ಕ ತಪ್ಪುವ ಇನ್ನೊಂದು ಜಾಗ ಕೊನೆಯ ಹಂತ. ಬರೆದು ಮುಗಿದರೆ ಆಯಿತು ಅಂದುಕೊಂಡಿರುತ್ತಾರೆ. ಅಡಿಟಿಪ್ಪಣಿಗಳಲ್ಲಿ ಪುಟಸಂಖ್ಯೆ ಸಿಗುವುದಿಲ್ಲ, ಯಾವ ಪುಸ್ತಕದಿಂದ ಬರೆದುಕೊಂಡಿದ್ದು ಎಂದು ನೆನಪಿರುವುದಿಲ್ಲ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದನ್ನು ಯೂನಿಕೋಡ್‌ಗೆ ಬದಲಿಸಿದರೆ ಅಲ್ಲಲ್ಲಿ ಒತ್ತಕ್ಷರ ಹಾಳಾಗಿರುತ್ತದೆ, ಮತ್ತೆ ಮೊದಲಿಂದ ಪ್ರೂಫ್ ನೋಡಬೇಕು. ಕೃತಿಚೌರ್ಯದ ತಪಾಸಣೆ ಇದೆ, ಕೊಲೊಕಿಯಂ ಇದೆ, ಬೈಂಡಿಂಗ್ ಇದೆ. ಇದಕ್ಕೆ ತಿಂಗಳುಗಳೇ ಹೋಗುತ್ತವೆ. ಇವತ್ತಿನಿಂದಲೇ ಯೂನಿಕೋಡ್‌ನಲ್ಲಿ ನೀವೇ ಟೈಪ್ ಮಾಡಿ. ಒಂದು ಉದ್ಧರಣೆ ಬರೆದುಕೊಂಡರೆ ಅದರ ಪಕ್ಕದಲ್ಲೇ ಪುಸ್ತಕ, ವರ್ಷ, ಪುಟ ಹಾಕಿ. ಈ ಒಂದು ಅಭ್ಯಾಸ ನಿಮ್ಮನ್ನು ಕೊನೆಯಲ್ಲಿ ಎಷ್ಟು ಕಾಪಾಡುತ್ತದೆ ಎಂದು ಈಗ ಹೇಳಿದರೆ ನಂಬುವುದಿಲ್ಲ.

ಈಗಾಗಲೇ ತಡವಾಗಿ ಹೋದವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಗೈಡ್ ಫೋನ್ ಬಂದರೆ ಎತ್ತಲು ಭಯ. ಯೂನಿವರ್ಸಿಟಿ ಕಡೆ ಹೋಗುವ ಬಸ್ಸೂ ಬೇಡ. ಮದುವೆ ಮನೆಯಲ್ಲಿ ಯಾರಾದರೂ "ಥೀಸಿಸ್ ಎಲ್ಲಿಗೆ ಬಂತು" ಅಂದರೆ ಜಾಗ ಬದಲಿಸುತ್ತೀರಿ. ತಮ್ಮನ್ನು ತಾವು ಬೈದುಕೊಂಡರೆ ಕೆಲಸ ಆಗುತ್ತದೆ ಎಂದು ಇಂಥವರು ನಂಬಿರುತ್ತಾರೆ. 2010ರಲ್ಲಿ ಮೈಕೆಲ್ ವೋಲ್ ಮತ್ತು ಜೊತೆಗಾರರು ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಇದು ನನಗೆ ಸರಿ ಅನ್ನಿಸುತ್ತದೆ. ಬೈಗುಳ ಸೇರಿದಷ್ಟೂ ಆ ಕೆಲಸದ ನೆನಪೇ ನೋವಾಗುತ್ತದೆ, ನೋವಾದಷ್ಟೂ ಅದರಿಂದ ದೂರ ಓಡುತ್ತೇವೆ.

ಗೈಡ್ ಹತ್ತಿರ ಏನು ಹೇಳಬೇಕು ಎಂದು ಒಬ್ಬರು ಚೀಟಿ ಬರೆದು ಕೇಳಿದ್ದಾರೆ. ಉದ್ದದ ಕಾರಣ ಹೇಳಬೇಡಿ. ಹೀಗೆ ಹೇಳಿ: "ಸರ್, ಇಷ್ಟು ದಿನ ಬರೆಯೋಕೆ ಆಗಿಲ್ಲ. ಈಗ ಈ ಎರಡು ಪುಟ ಬರೆದಿದ್ದೀನಿ. ಇದನ್ನು ನೋಡಿ, ಇದು ಯಾವ ಅಧ್ಯಾಯಕ್ಕೆ ಹೋಗಬಹುದು ಹೇಳಿ." ಕೈಯಲ್ಲಿ ಎರಡು ಪುಟ ಇದ್ದರೆ ಮಾತು ಆ ಪುಟಗಳ ಬಗ್ಗೆ ನಡೆಯುತ್ತದೆ, ಕಳೆದುಹೋದ ಎರಡು ವರ್ಷದ ಬಗ್ಗೆ ಅಲ್ಲ.

ಇಲ್ಲಿ ಮಾರ್ಗದರ್ಶಕರೂ ಕೆಲವರು ಇದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. ವಿದ್ಯಾರ್ಥಿ ಬಂದಾಗ "ಇನ್ನಷ್ಟು ಓದಿ" ಎಂದು ಕಳಿಸುವುದು ನಮಗೆ ಸುಲಭ. ಅದರಿಂದ ಅವರ ಹೆದರಿಕೆಗೆ ನಾವೇ ಮುದ್ರೆ ಒತ್ತಿದ ಹಾಗಾಗುತ್ತದೆ. "ಏನು ಬರೆದಿದ್ದೀರಿ, ಕೊಡಿ ನೋಡೋಣ" ಎಂದು ಕೇಳೋಣ. ಕೊಟ್ಟಿದ್ದನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳದೆ ಓದೋಣ. ಮೊದಲ ಕರಡಿನಲ್ಲಿ ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು ಅಲ್ಲಿ ಚೆನ್ನಾಗಿರುವುದು ಏನು ಎಂದು ಒಂದು ಸಾಲು ಬರೆಯೋಣ. ಆರು ತಿಂಗಳ ಪ್ರಗತಿ ವರದಿಗೆ ಬರೀ ಸಹಿ ಹಾಕುವ ಬದಲು ಅದರ ಜೊತೆಗೆ ಬರೆದ ಹತ್ತು ಪುಟ ಕೇಳೋಣ. ಆಗ ಅದು ನಿಜವಾದ ಗಡುವಾಗುತ್ತದೆ.

ಕೊನೆಯದಾಗಿ, ಎಲ್ಲವೂ ಮುಂದೂಡುವಿಕೆ ಅಲ್ಲ. ವಿಷಯವನ್ನು ಬೇರೆಯವರು ಆರಿಸಿಕೊಟ್ಟಿದ್ದು, ನಿಮಗೆ ಅದರಲ್ಲಿ ಸ್ವಲ್ಪವೂ ಆಸಕ್ತಿ ಇಲ್ಲದಿದ್ದರೆ, ವಿಷಯ ಬದಲಿಸುವ ಮಾತನ್ನು ಸಲಹಾ ಸಮಿತಿಯ ಮುಂದೆ ಆದಷ್ಟು ಬೇಗ ಎತ್ತಿ. ಇನ್ನು ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಅರ್ಧ ಗಂಟೆಯ ಅಭ್ಯಾಸ ಮದ್ದಲ್ಲ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ನಂಬರ್ ಬರೆದುಕೊಳ್ಳಿ. ನಿಮಗೆ ಬೇಡದಿದ್ದರೂ ನಿಮ್ಮ ಪಕ್ಕ ಕೂತವರಿಗೆ ಬೇಕಾಗಬಹುದು.

ಊಟ ಆದ ಮೇಲೆ ಎರಡೂವರೆಗೆ ಎಲ್ಲರೂ ಮೇಲಿನ ಲೈಬ್ರರಿ ಹಾಲ್‌ಗೆ ಬನ್ನಿ. ಮೊಬೈಲ್‌ಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡಿ. ನಿಮ್ಮ ಸಾಮಗ್ರಿಯಲ್ಲಿ ಒಂದೇ ಒಂದು ಚೂರು ತನ್ನಿ: ಒಂದು ಹಾಡು, ಒಂದು ಶಾಸನ, ಒಂದು ಪದ್ಯ. ಪುಸ್ತಕ ಯಾವುದೂ ಬೇಡ. ಅರ್ಧ ಗಂಟೆ ಬರೆಯುತ್ತೀರಿ, ಆಮೇಲೆ ಪಕ್ಕದವರಿಗೆ ಓದಿ ಹೇಳುತ್ತೀರಿ. ಕೇಳುವವರು ಪ್ರಶ್ನೆ ಮಾತ್ರ ಕೇಳಬೇಕು, ತಿದ್ದಬಾರದು. ನಾನೂ ಅಲ್ಲೇ ಇರುತ್ತೇನೆ. ಏನು ತರಬೇಕು ಎಂದು ಗೊತ್ತಾಗದವರು ಊಟದ ಸಾಲಿನಲ್ಲೇ ನನ್ನನ್ನು ಹಿಡಿಯಿರಿ.